ಹಿಡಿಯುವ ಮೊದಲು ಬಿಡುವುದನ್ನು ಕಲಿಯಿರಿ

ಪ್ರಶ್ನೆ: ನನಗೆ 43 ವರ್ಷ, ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ. ಹೋದ ಭಾನುವಾರ 11 ವರ್ಷದ ಮಗಳ ಹಟಕ್ಕೆ ಮಣಿದು ಬೆಂಗಳೂರಿನ ಒಂದು ಒಳಾಂಗಣ ಕ್ಲೈಂಬಿಂಗ್ ಜಿಮ್‌ಗೆ ಹೋಗಿದ್ದೆವು. ಮಗಳು ಅಳಿಲಿನಂತೆ ಸರಸರನೆ ಏರಿದಳು. ನಾನು ಅರ್ಧ ಗೋಡೆ ಹತ್ತುವಷ್ಟರಲ್ಲಿ ಮುಂಗೈ ಕೊರಡಿನಂತೆ ಗಟ್ಟಿಯಾಗಿ, ಬೆರಳುಗಳು ತಾವಾಗಿಯೇ ಬಿಟ್ಟುಕೊಂಡವು. ಮ್ಯಾಟ್ ಮೇಲೆ ದೊಪ್ಪನೆ ಬಿದ್ದೆ. ಆಮೇಲೆ ಹಗ್ಗದ ಗೋಡೆಯಲ್ಲಿ ಹೇಗೋ ತುದಿ ಮುಟ್ಟಿದೆ, ಆದರೆ ಕೈಬಿಟ್ಟು ಇಳಿಯಲು ಧೈರ್ಯವಾಗದೆ ಅಲ್ಲೇ ಅಂಟಿಕೊಂಡೆ. ಕೆಳಗಿದ್ದ ಹುಡುಗರು ‘ಬಲಗೈ ಮೇಲೆ, ಎಡಗಾಲು ಆ ಕಡೆ’ ಎಂದು ಕೂಗುತ್ತಿದ್ದುದು ಇನ್ನಷ್ಟು ನಾಚಿಕೆ ತಂದಿತು. ಮರುದಿನ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯಲೂ ಆಗಲಿಲ್ಲ. ನನ್ನ ಕೈಗಳಲ್ಲಿ ಶಕ್ತಿಯೇ ಇಲ್ಲವೇ? ಈ ವಯಸ್ಸಿಗೆ ಇದು ಸಲ್ಲದೇ? ಮಗಳು ವಾರವಾರವೂ ಹೋಗುತ್ತೇನೆ ಎನ್ನುತ್ತಾಳೆ, ಕಳಿಸಬಹುದೇ? ರಾಮನಗರದ ಬಂಡೆಗಳಿಗೆ ಯಾವಾಗ ಹೋಗಬಹುದು?

ಉತ್ತರ: ಮೊದಲು ಜಾಡಿಯ ಮುಚ್ಚಳದ ವಿಷಯ. ಎರಡು ಮೂರು ದಿನಗಳಲ್ಲಿ ಅದು ಸರಿಹೋಗುತ್ತದೆ, ಈ ಪತ್ರ ಓದುವ ಹೊತ್ತಿಗೆ ಹೋಗಿರುತ್ತದೆ ಕೂಡ. ಅಭ್ಯಾಸವಿಲ್ಲದ ಸ್ನಾಯುಗಳನ್ನು ಒಂದೇ ದಿನ ಅತಿಯಾಗಿ ದುಡಿಸಿದ ನೋವು ಅದು. ನೋವು ಮುಂಗೈಯ ಮಾಂಸಖಂಡದಲ್ಲಿ ಹರಡಿಕೊಂಡಿದ್ದರೆ ಚಿಂತೆಯಿಲ್ಲ. ಯಾವುದೋ ಒಂದು ಬೆರಳಿನ ಬುಡದಲ್ಲಿ, ಅಂಗೈ ಕಡೆಗೆ, ಒತ್ತಿದರೆ ಚುಚ್ಚುವಂತಿದ್ದರೆ ಅಥವಾ ಏರುವಾಗ ಅಲ್ಲಿ ‘ಟಕ್’ ಎಂದ ನೆನಪಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ಬೆರಳಿನ ಸ್ನಾಯುರಜ್ಜುವನ್ನು ಮೂಳೆಗೆ ಒತ್ತಿ ಹಿಡಿಯುವ ಪುಟ್ಟ ಉಂಗುರದಂಥ ಪಟ್ಟಿಗಳಿರುತ್ತವೆ. ಏರುವವರಲ್ಲಿ ಪೆಟ್ಟು ತಿನ್ನುವುದು ಹೆಚ್ಚಾಗಿ ಅವೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಿಮ್ಮ ಕೈಗಳಲ್ಲಿ ಶಕ್ತಿ ಇಲ್ಲವೆಂದು ನನಗೆ ಅನ್ನಿಸುವುದಿಲ್ಲ. ನೀವು ಬರೆದ ಮೂರು ಸಂಗತಿಗಳು, ಅಂದರೆ ಮುಂಗೈ ಕೊರಡಾದದ್ದು, ದೊಪ್ಪನೆ ಬಿದ್ದದ್ದು, ತುದಿಯಲ್ಲಿ ಅಂಟಿಕೊಂಡದ್ದು, ಮೂರೂ ಒಂದೇ ಬೇರಿನಿಂದ ಹುಟ್ಟಿದವು. ಇಳಿಯುವುದು ಹೇಗೆಂದು ನಿಮಗೆ ಯಾರೂ ಮೊದಲು ಕಲಿಸಿಲ್ಲ. ಎರಡು ದಶಕಗಳಿಂದ ಹೊಸಬರಿಗೆ ಹತ್ತುವುದನ್ನು ಕಲಿಸುತ್ತಿದ್ದೇನೆ. ಮೊದಲ ದಿನ ಸೋತು ಹೋಗುವವರಲ್ಲಿ ಬಹುಪಾಲು ಜನರ ಕಥೆ ಇದೇ.

ನಮ್ಮಲ್ಲಿ ‘ಉಡದ ಪಟ್ಟು’ ಎಂಬ ಮಾತಿದೆ. ಕೋಟೆಗೆ ಲಗ್ಗೆ ಹಾಕುವವರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆಗೆ ಬಿಡುತ್ತಿದ್ದರು, ಅದು ಕಚ್ಚಿ ಹಿಡಿದರೆ ಆಳು ಹತ್ತಿದರೂ ಸಡಿಲುತ್ತಿರಲಿಲ್ಲ ಎಂಬ ಕಥೆಯನ್ನು ಕೇಳಿ ಬೆಳೆದವರು ನಾವು. ಹಾಗಾಗಿ ಗೋಡೆ ಕಂಡೊಡನೆ ನಮ್ಮ ಮೈ ಉಡವಾಗಲು ಹೊರಡುತ್ತದೆ. ಆದರೆ ಮನುಷ್ಯರ ಬೆರಳಿಗೆ ಆ ಪಟ್ಟು ಒಗ್ಗುವುದಿಲ್ಲ. ಬೆರಳುಗಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಬೆರಳಲ್ಲಿಲ್ಲ, ಮೊಣಕೈಗೂ ಮಣಿಕಟ್ಟಿಗೂ ನಡುವಿನ ಮುಂಗೈಯಲ್ಲಿವೆ. ಬಿಗಿಯಾಗಿ ಹಿಡಿದಾಗ ಆ ಸ್ನಾಯುಗಳು ಉಬ್ಬಿ, ತಮ್ಮೊಳಗೆ ಹಾದುಹೋಗುವ ರಕ್ತನಾಳಗಳನ್ನು ತಾವೇ ಅದುಮುತ್ತವೆ. ದುಡಿಯುವ ಸ್ನಾಯುವಿಗೆ ಬೇಕಾದ ರಕ್ತ ಒಳಗೆ ಬರುವುದಿಲ್ಲ, ದಣಿವಿನ ಕಶ್ಮಲ ಹೊರಗೆ ಹೋಗುವುದಿಲ್ಲ. ಒಂದೆರಡು ನಿಮಿಷ ಹೀಗೇ ಇದ್ದರೆ ಎಂಥ ಪೈಲ್ವಾನನ ಮುಂಗೈಯೂ ಕಲ್ಲಾಗುತ್ತದೆ. ಕ್ಲೈಂಬಿಂಗ್ ಮಾಡುವವರು ಇದನ್ನು ‘ಪಂಪ್ ಆಯಿತು’ ಎನ್ನುತ್ತಾರೆ. ವ್ಯಾಯಾಮ ಶಾಲೆಯಲ್ಲಿ ಭಾರ ಎತ್ತಿ ತೋಳು ಬೆಳೆಸಿದ ಯುವಕರು ಮೊದಲ ದಿನ ನಿಮಗಿಂತ ಬೇಗ ಕೆಳಗಿಳಿಯುವುದನ್ನು ನಾನು ನೋಡುತ್ತಲೇ ಇರುತ್ತೇನೆ.

ಆದರೆ ಬಿಗಿಯಾಗಿ ಹಿಡಿದಿರಿ, ಏಕೆ? ಬೀಳುವ ಭಯದಿಂದ. ಬಿದ್ದರೆ ಏನಾಗುತ್ತದೆ ಎಂದು ಗೊತ್ತಿಲ್ಲದ ಮೈ, ಪ್ರತಿ ಹೋಲ್ಡನ್ನೂ, ಅಂದರೆ ಕೈಕಾಲಿನ ಆಸರೆಗೆಂದು ಗೋಡೆಗೆ ಕೂರಿಸಿದ ತುಂಡನ್ನೂ, ಪ್ರಾಣವೇ ಅದರಲ್ಲಿದೆ ಎಂಬಂತೆ ಹಿಡಿಯುತ್ತದೆ. ನಿಮ್ಮ ಮಗಳನ್ನು ನೆನಪಿಸಿಕೊಳ್ಳಿ. ಮಕ್ಕಳ ತೂಕ ಕಡಿಮೆ ಎಂಬುದು ನಿಜ, ಆದರೆ ಅವಳಿಗೆ ಬೀಳುವುದೆಂದರೆ ಆಟದ ಒಂದು ಭಾಗ. ಅವಳು ಹೋಲ್ಡನ್ನು ಬಾಗಿಲ ಹಿಡಿಯನ್ನು ಹಿಡಿದಷ್ಟೇ ಹಗುರವಾಗಿ ಹಿಡಿದಿರುತ್ತಾಳೆ.

ಅದಕ್ಕೇ ಮುಂದಿನ ಬಾರಿ ಹೋದಾಗ ಮೊದಲ ಹದಿನೈದು ನಿಮಿಷ ಹತ್ತಲೇ ಬೇಡಿ. ಬೀಳಿರಿ. ಹಗ್ಗವಿಲ್ಲದ ಬೌಲ್ಡರಿಂಗ್ ಗೋಡೆ ಸಾಮಾನ್ಯವಾಗಿ ನಾಲ್ಕು, ನಾಲ್ಕೂವರೆ ಮೀಟರ್ ಎತ್ತರವಿರುತ್ತದೆ, ಕೆಳಗೆ ದಪ್ಪ ಮ್ಯಾಟ್ ಇರುತ್ತದೆ. ನೆಲದಿಂದ ಒಂದು ಅಡಿ ಮೇಲೆ ನಿಂತು ಬಿಡಿ. ಆಮೇಲೆ ಎರಡು ಅಡಿ, ಆಮೇಲೆ ಸೊಂಟದೆತ್ತರ. ಎರಡೂ ಪಾದ ಒಟ್ಟಿಗೆ ಮ್ಯಾಟ್ ಮುಟ್ಟಬೇಕು, ನಡುವೆ ಭುಜದಷ್ಟು ಅಂತರವಿರಬೇಕು. ಮಂಡಿ ಬಾಗಿಸಿ ಕುಕ್ಕರಗಾಲಿಗೆ ಬಂದು, ಅಲ್ಲಿಂದ ಬೆನ್ನ ಮೇಲೆ ಹಿಂದಕ್ಕೆ ಉರುಳಬೇಕು. ಗದ್ದ ಎದೆಗೆ, ಕೈಗಳು ಎದೆಯ ಮೇಲೆ. ಕೈಯನ್ನು ಹಿಂದಕ್ಕೆ ಊರಲೇಬಾರದು. ಮಣಿಕಟ್ಟು, ಮೊಣಕೈ ಮುರಿಯುವುದು ಹಾಗೆಯೇ. ಮ್ಯಾಟ್ ಎಷ್ಟೇ ದಪ್ಪವಿದ್ದರೂ ಕಾಲು ಸೆಟೆಸಿಕೊಂಡು ಬಿದ್ದರೆ ಪಾದದ ಕೀಲು ಉಳುಕುತ್ತದೆ. ಮ್ಯಾಟ್ ಇದೆ ಎಂಬ ಧೈರ್ಯದಲ್ಲಿ ಎಲ್ಲ ರೂಟ್‌ಗಳಿಂದಲೂ (ಗೋಡೆಯಲ್ಲಿ ಗುರುತಿಸಿದ ಏರುವ ದಾರಿಗಳಿಂದಲೂ) ಜಿಗಿಯುವ ಅಭ್ಯಾಸವೂ ಬೇಡ. ಆದಷ್ಟೂ ಹೋಲ್ಡ್ ಹಿಡಿದುಕೊಂಡೇ ಇಳಿದು ಬನ್ನಿ.

ಹಗ್ಗದ ಗೋಡೆಯಲ್ಲೂ ಇದೇ ಕ್ರಮ. ಕೆಳಗೆ ಬಿಲೇ ಹಿಡಿದು, ಅಂದರೆ ನಿಮ್ಮ ಹಗ್ಗದ ಇನ್ನೊಂದು ಕಡೆಯನ್ನು ಕಾಯುತ್ತಾ, ನಿಂತವರಿಗೆ ಮೊದಲೇ ಹೇಳಿ, ಎರಡು ಮೀಟರ್ ಹತ್ತಿ ನಿಲ್ಲಿ. ‘ಬಿಗಿ’ ಎನ್ನಿ. ಹಗ್ಗ ಸೊಂಟವನ್ನು ಮೇಲಕ್ಕೆ ಎಳೆದಂತಾದ ಮೇಲೆ ಕುರ್ಚಿಯಲ್ಲಿ ಕೂರುವಂತೆ ಸೊಂಟಕ್ಕೂ ತೊಡೆಗೂ ಕಟ್ಟಿದ ಪಟ್ಟಿಯಲ್ಲಿ, ಅಂದರೆ ಹಾರ್ನೆಸ್‌ನಲ್ಲಿ ಕುಳಿತುಬಿಡಿ. ಮೊದಲು ಒಂದು ಕೈ ಬಿಡಿ, ಆಮೇಲೆ ಇನ್ನೊಂದು. ಹಗ್ಗ ಒಂಚೂರು ಹಿಗ್ಗುತ್ತದೆ, ಹೊಟ್ಟೆ ಝಲ್ಲೆನ್ನುತ್ತದೆ, ಅಷ್ಟೇ. ಬಿದ್ದಾಗಿನ ಜಗ್ಗಾಟವನ್ನು ಹೀರಿಕೊಳ್ಳಲೆಂದೇ ಆ ಹಗ್ಗ ಹಿಗ್ಗುವಂತೆ ಹೆಣೆದಿರುತ್ತಾರೆ. ಕಾಲು ಅಗಲಿಸಿ ಗೋಡೆಗೆ ಊರಿ, ನಡೆಯುತ್ತಾ ಇಳಿಯಿರಿ. ಮೂರು ಸಲ ಇದನ್ನೇ ಮಾಡಿದ ಮೇಲೆ ನಾಲ್ಕು ಮೀಟರ್, ಆಮೇಲೆ ಆರು. ಅರವತ್ತು ದಾಟಿದ ಒಬ್ಬ ನಿವೃತ್ತ ಶಿಕ್ಷಕಿಗೆ ನಾನು ಹೀಗೆ ಕಲಿಸಿದ್ದೆ. ಮೊದಲ ಸಲ ಕುಳಿತಾಗ ಅವರು ಹಗ್ಗವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಣ್ಣು ಮುಚ್ಚಿದ್ದರು. ನಾಲ್ಕನೆಯ ಸಲ ಒಂದು ಕೈಯಿಂದ ಸೆರಗು ಸರಿಪಡಿಸುವ ಹಳೆಯ ಅಭ್ಯಾಸದಲ್ಲಿ ಟೀ ಶರ್ಟಿನ ಭುಜ ಸರಿಮಾಡಿಕೊಂಡರು. ಇನ್ನು ಇವರು ಹತ್ತುತ್ತಾರೆ ಎಂದು ನನಗೆ ಖಾತ್ರಿಯಾದದ್ದು ಆಗ. ಅದೇ ಮಧ್ಯಾಹ್ನ ಅವರು ಎರಡು ರೂಟ್‌ಗಳ ತುದಿ ಮುಟ್ಟಿದರು, ಮುಂಗೈ ಕೊರಡಾಗಲಿಲ್ಲ.

ಬಿಡುವ ಭಯ ಇಳಿದ ಮೇಲೆ ಕಣ್ಣು ಕಾಲಿನ ಕಡೆ ಹೋಗುತ್ತದೆ. ಅಲ್ಲಿಯವರೆಗೆ ಎಷ್ಟು ಹೇಳಿದರೂ ಹೋಗುವುದಿಲ್ಲ. ಏಣಿ ಹತ್ತುವಾಗ ನಾವು ಕೈಯಿಂದ ಮೈಯನ್ನು ಎಳೆದುಕೊಳ್ಳುವುದಿಲ್ಲ, ಕಾಲಿನಿಂದ ತಳ್ಳಿಕೊಳ್ಳುತ್ತೇವೆ. ಕೈ ಇರುವುದು ಸಮತೋಲಕ್ಕೆ. ಗೋಡೆಯಲ್ಲೂ ಹಾಗೆಯೇ. ಹೊಸಬರು ಹೋಲ್ಡ್ ಮೇಲೆ ಪಾದದ ನಡುಭಾಗ ಇಡುತ್ತಾರೆ, ಮೆಟ್ಟಿಲ ಮೇಲೆ ಇಟ್ಟಂತೆ. ಆಗ ಹಿಮ್ಮಡಿ ಗೋಡೆಗೆ ತಾಗಿ ಕಾಲು ತಿರುಗುವುದಿಲ್ಲ. ಹೆಬ್ಬೆರಳಿನ ಒಳ ಅಂಚನ್ನು ಮಾತ್ರ ಇಡಿ. ಬಾಡಿಗೆಯ ಶೂ ಅಷ್ಟು ಬಿಗಿಯಾಗಿರುವುದು ಈ ಕಾರಣಕ್ಕೆ, ನಿಮ್ಮನ್ನು ಹಿಂಸಿಸಲು ಅಲ್ಲ. ಪಾದ ಇಡುವ ಕ್ಷಣದವರೆಗೂ ಕಣ್ಣು ಪಾದದ ಮೇಲಿರಲಿ. ತೋಳು ನೇರವಾಗಿ ಇಳಿಬಿಟ್ಟಂತಿರಲಿ, ಆಗ ಭಾರ ಮೂಳೆಗೆ ಬೀಳುತ್ತದೆ. ಮೊಣಕೈ ಮಡಿಸಿದರೆ ಸ್ನಾಯುವಿಗೆ ಬೀಳುತ್ತದೆ. ಸೊಂಟವನ್ನು ಗೋಡೆಗೆ ಹತ್ತಿರ ತಂದಷ್ಟೂ ಭಾರ ಕಾಲಿಗೆ ಇಳಿಯುತ್ತದೆ. ನಡುವೆ ಒಳ್ಳೆಯ ಹೋಲ್ಡ್ ಸಿಕ್ಕಲ್ಲಿ ಒಂದೊಂದೇ ಕೈಯನ್ನು ಕೆಳಗೆ ಬಿಟ್ಟು, ನೀರು ಕೊಡವುವಂತೆ ಕೊಡವಿ.

ಚಿತ್ರದುರ್ಗದ ಕೋಟೆಯಲ್ಲಿ ‘ಕೋತಿರಾಜ’ ಎಂದೇ ಹೆಸರಾದ ಜ್ಯೋತಿರಾಜ್ ಗೋಡೆ ಏರುವುದನ್ನು ನೀವು ನೋಡಿರಬಹುದು. ಹಗ್ಗವಿಲ್ಲದೆ ಏರುವ ಅವರನ್ನು ಯಾರೂ ಅನುಕರಿಸಬಾರದು, ಇದನ್ನು ಮಗಳಿಗೂ ಹೇಳಿ. ಆದರೆ ಇನ್ನೊಮ್ಮೆ ಆ ದೃಶ್ಯ ಸಿಕ್ಕರೆ ಕೈ ನೋಡಬೇಡಿ, ಕಾಲು ನೋಡಿ. ಕಲ್ಲಿನ ಸಂದಿಯಲ್ಲಿ ಬೆರಳಗಲ ಜಾಗಕ್ಕೆ ಪಾದ ಹೇಗೆ ತಾನಾಗಿ ಹೋಗಿ ಕೂರುತ್ತದೆ ಎಂಬುದರಲ್ಲಿ ಇಡೀ ವಿದ್ಯೆ ಇದೆ.

ವಯಸ್ಸಿನ ಪ್ರಶ್ನೆಗೆ ಹೆಚ್ಚು ಹೇಳಬೇಕಿಲ್ಲ. 43 ಏನೂ ಅಡ್ಡಿಯಲ್ಲ. ಭುಜ, ಮಂಡಿ, ಬೆನ್ನಿನ ಹಳೆಯ ನೋವು, ರಕ್ತದೊತ್ತಡ, ಮೂಳೆ ಸವೆತ ಇದ್ದರೆ ಮೊದಲು ವೈದ್ಯರನ್ನು ಕೇಳಿ, ಬೌಲ್ಡರಿಂಗ್ ಬದಲು ಹಗ್ಗದ ಗೋಡೆ ಆರಿಸಿಕೊಳ್ಳಿ. ಹಗ್ಗದಲ್ಲಿ ನೆಲಕ್ಕೆ ಬೀಳುವ ಪೆಟ್ಟು ಇರುವುದಿಲ್ಲ. ಮೈ ಹೀಗೇ ಇರಬೇಕೆಂಬ ನಿಯಮ ಈ ಕ್ರೀಡೆಗೆ ಇಲ್ಲ. ಪೋಲಿಯೊ ಬಾಧಿಸಿದ ಕಾಲಿನ ಬೆಂಗಳೂರಿನ ಮಣಿಕಂದನ್ ಕುಮಾರ್ ಪ್ಯಾರಾ ಕ್ಲೈಂಬಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತಕ್ಕೆ ಪದಕ ತಂದವರು.

ಕೆಳಗಿನಿಂದ ಕೂಗಿದ ಹುಡುಗರ ವಿಷಯ. ಅವರ ಉದ್ದೇಶ ಒಳ್ಳೆಯದೇ ಇರುತ್ತದೆ, ಆದರೂ ಅದು ಈ ಕ್ರೀಡೆಯ ಮರ್ಯಾದೆಗೆ ಒಪ್ಪದ ಕೆಲಸ. ಒಂದೊಂದು ರೂಟೂ ಒಂದು ಒಗಟು. ಒಂದೇ ಬಣ್ಣದ ಹೋಲ್ಡ್‌ಗಳನ್ನು ಆ ಕ್ರಮದಲ್ಲಿ ತಿರುಪು ಹಾಕಿ ಕೂರಿಸುವ ರೂಟ್ ಸೆಟ್ಟರ್, ‘ಇಲ್ಲಿ ಕೈ ಅದಲುಬದಲು ಮಾಡಿದರೆ ಮಾತ್ರ ದಾರಿ ತೆರೆಯುತ್ತದೆ’ ಎಂದು ಗಂಟೆಗಟ್ಟಲೆ ಯೋಚಿಸಿ ಇಟ್ಟಿರುತ್ತಾರೆ. ಕೇಳದೆ ಉತ್ತರ ಹೇಳುವುದು ಪಕ್ಕದವರ ಪದಬಂಧವನ್ನು ನಾವು ತುಂಬಿದಂತೆ. ಅದಕ್ಕಿಂತ ಮುಖ್ಯವಾಗಿ, ಅವರ ಎತ್ತರ, ಅವರ ಕೈಯಳತೆ ನಿಮ್ಮದಲ್ಲ. ಆರಡಿ ಹುಡುಗನಿಗೆ ಎಟಕುವ ಹೋಲ್ಡಿಗೆ ಐದಡಿ ಎತ್ತರದವರು ಕಾಲನ್ನು ಇನ್ನೊಂದು ಮೆಟ್ಟಿಲು ಮೇಲಿಟ್ಟು ಬೇರೆಯೇ ದಾರಿಯಲ್ಲಿ ಹೋಗಬೇಕು. ‘ನಾನೇ ನೋಡುತ್ತೇನೆ, ಬೇಕಾದರೆ ಕೇಳುತ್ತೇನೆ’ ಎಂದು ಹೇಳುವ ಹಕ್ಕು ನಿಮಗಿದೆ. ಹೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ನಾಚಿಕೆಪಡುವಂಥದ್ದು ಅಲ್ಲಿ ನಿಮ್ಮಿಂದ ಏನೂ ಆಗಿಲ್ಲ.

ಹತ್ತುವ ಮೊದಲು ನೆಲದ ಮೇಲೆ ನಿಂತು ರೂಟನ್ನು ಓದಿ. ಈ ಕ್ರೀಡೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಸೇರಿತು. ಅಲ್ಲಿ, ಮತ್ತೆ 2024ರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್‌ರಂಥವರೂ ಸ್ಪರ್ಧೆಗೆ ಮುನ್ನ ಗೋಡೆಯ ಮುಂದೆ ನಿಂತು, ಗಾಳಿಯಲ್ಲಿ ಕೈಯಾಡಿಸುತ್ತಾ ಮನಸ್ಸಿನಲ್ಲೇ ಒಮ್ಮೆ ಏರುತ್ತಾರೆ. ಎಡಗೈ ಎಲ್ಲಿ, ಬಲಗೈ ಎಲ್ಲಿ, ಎಲ್ಲಿ ನಿಂತು ಉಸಿರು ತೆಗೆದುಕೊಳ್ಳಬಹುದು ಎಂದು ನೀವೂ ಬೆರಳು ತೋರಿಸಿ ಲೆಕ್ಕ ಹಾಕಿ. ಗೋಡೆಯ ನಡುವೆ ನೇತಾಡುತ್ತಾ ಯೋಚಿಸುವ ಪ್ರತಿ ಕ್ಷಣಕ್ಕೂ ಮುಂಗೈ ಬೆಲೆ ತೆರುತ್ತದೆ.

ಆಭರಣದ ವಿಷಯವನ್ನು ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ಬೆರಳುಂಗುರ ತೊಟ್ಟು ಗೋಡೆ ಮುಟ್ಟಲೇಬಾರದು. ಉಂಗುರ ಹೋಲ್ಡಿಗೆ ಸಿಕ್ಕಿಕೊಂಡು ಮೈಭಾರ ಕೆಳಗೆ ಜಾರಿದರೆ ಬೆರಳಿನ ಚರ್ಮ, ಮಾಂಸವೇ ಕಿತ್ತು ಬರುತ್ತದೆ. ಅದರ ಮೇಲೆ ಟೇಪ್ ಸುತ್ತಿದರೆ ಸಾಕೆಂಬುದು ತಪ್ಪು. ಕಾಲುಂಗುರ ಬಿಗಿ ಶೂನೊಳಗೆ ಬೆರಳನ್ನು ಕೊಯ್ಯುತ್ತದೆ. ಬಳೆ, ಉದ್ದ ಓಲೆ, ಮಾಂಗಲ್ಯ ಸರ ಎಲ್ಲವೂ ಚೀಲಕ್ಕೆ ಹೋಗಬೇಕು. ಮಾಂಗಲ್ಯ ತೆಗೆಯಲು ಮನಸ್ಸೊಪ್ಪದವರು ಹಲವರಿದ್ದಾರೆ, ಅವರ ಭಾವನೆ ನನಗೆ ಅರ್ಥವಾಗುತ್ತದೆ. ಅಂಥವರಿಗೆ ಸರವನ್ನು ಒಂದು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಜೊತೆಗೆ ಬಂದವರ ಕೈಯಲ್ಲಿ ಕೊಟ್ಟು ಹತ್ತಿ ಎನ್ನುತ್ತೇನೆ. ಕತ್ತಿನಲ್ಲಿ ಇಟ್ಟುಕೊಂಡು ಹತ್ತಲು ಮಾತ್ರ ಬಿಡುವುದಿಲ್ಲ. ಉದ್ದ ಕೂದಲನ್ನು ತುರುಬು ಕಟ್ಟಿ. ಬಿಲೇ ಸಾಧನದೊಳಗೆ ಕೂದಲು ಸಿಕ್ಕಿಕೊಂಡರೆ ಬಿಡಿಸುವುದು ಬಹಳ ಕಷ್ಟ.

ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿಗೆ ಚಾಕ್ ಎನ್ನುತ್ತಾರೆ. ಅದು ಸುಣ್ಣವೂ ಅಲ್ಲ, ಶಾಲೆಯ ಸೀಮೆಸುಣ್ಣವೂ ಅಲ್ಲ, ಮೆಗ್ನೀಸಿಯಂ ಕಾರ್ಬೊನೇಟ್. ಬೆವರು ಹೀರುತ್ತದೆ. ತುಸು ಸಾಕು. ಉಬ್ಬಸ ಇರುವವರು ದ್ರವ ರೂಪದ ಚಾಕ್ ಬಳಸಲಿ.

ಈಗ ಮಗಳು. ಕಳಿಸಿ, ಸಂತೋಷದಿಂದ ಕಳಿಸಿ. ಆದರೆ ಜಿಮ್ ಆರಿಸುವಾಗ ಗೋಡೆಯ ಎತ್ತರ, ಬಣ್ಣ, ಕಾಫಿ ಮೂಲೆ ನೋಡಿ ಮರುಳಾಗಬೇಡಿ. ಹೊಸದಾಗಿ ಬಂದವರನ್ನು ಮೊದಲ ಹತ್ತು ನಿಮಿಷ ಸಿಬ್ಬಂದಿ ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಬದಿಯಲ್ಲಿ ಕುಳಿತು ನೋಡಿ. ಬೀಳುವುದನ್ನು ಕಲಿಸಿದರೇ? ಒಬ್ಬರು ಏರುತ್ತಿರುವಾಗ ಅವರ ಕೆಳಗೆ ಮ್ಯಾಟ್ ಮೇಲೆ ಓಡಾಡುವ ಮಕ್ಕಳನ್ನು ತಡೆದರೇ? ಮೇಲಿನಿಂದ ಬಿದ್ದವರ ಮೊಣಕಾಲು ತಲೆಗೆ ತಾಗಿದರೆ ಇಬ್ಬರಿಗೂ ಅಪಾಯ. ಹಗ್ಗ ಹಿಡಿಯುವವರ ಒಂದು ಕೈ ಬ್ರೇಕ್ ಹಗ್ಗದ ಮೇಲೆ ಸದಾ ಇದೆಯೇ, ಕಣ್ಣು ಏರುವವರ ಮೇಲಿದೆಯೇ, ಮೊಬೈಲ್ ಮೇಲಿದೆಯೇ? ಪ್ರತಿ ಸಲವೂ ಹತ್ತುವ ಮೊದಲು ಇಬ್ಬರೂ ಪರಸ್ಪರರ ಹಾರ್ನೆಸ್ ಬಕಲ್, ಹಗ್ಗದ ಗಂಟು, ಕ್ಯಾರಬೈನರ್ ಎಂಬ ಲೋಹದ ಕೊಕ್ಕೆಯ ಬೀಗ ಮುಟ್ಟಿ ನೋಡುತ್ತಾರೆಯೇ? ನಾನು ಮಕ್ಕಳಿಗೆ ಹಾರ್ನೆಸ್‌ಗೆ ಹಗ್ಗ ಕಟ್ಟುವ, 8ರ ಆಕಾರದ ಎಂಟರ ಗಂಟನ್ನು ಬೆರಳಿನಿಂದ ಎಣಿಸಲು ಹೇಳುತ್ತೇನೆ. ಹಗ್ಗದ ಎರಡೆರಡು ಎಳೆಗಳು ಜೋಡಿಜೋಡಿಯಾಗಿ ಐದು ಕಡೆ ಕಾಣಬೇಕು. ಐದು ಸಿಗದಿದ್ದರೆ ಕಾಲು ನೆಲ ಬಿಡಬಾರದು.

ಆಟೊ ಬಿಲೇ ಯಂತ್ರಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಗೋಡೆಯ ತುದಿಯಲ್ಲಿ ಕುಳಿತು, ಏರಿದಂತೆ ಪಟ್ಟಿಯನ್ನು ಒಳಗೆಳೆದುಕೊಂಡು, ಕೈಬಿಟ್ಟಾಗ ಮೆಲ್ಲಗೆ ಇಳಿಸುವ ಸಾಧನ ಅದು. ಹಲವು ಮಾದರಿಗಳಲ್ಲಿ ಅಯಸ್ಕಾಂತದ ನಡುವೆ ಲೋಹದ ಫಲಕ ತಿರುಗುವಾಗ ಹುಟ್ಟುವ ವಿದ್ಯುತ್ ಸುಳಿಗಳೇ ಬ್ರೇಕ್ ಹಾಕುತ್ತವೆ. ಯಂತ್ರ ನಂಬಿಕೆಗೆ ಅರ್ಹವಾದದ್ದೇ. ಅಪಾಯ ಇರುವುದು ಅದಕ್ಕೆ ಕೊಕ್ಕೆ ಹಾಕಿಕೊಳ್ಳುವುದನ್ನೇ ಮರೆತು ಹತ್ತಿಬಿಡುವುದರಲ್ಲಿ. ಹೊಸಬರಷ್ಟೇ ಅಲ್ಲ, ಪಳಗಿದವರೂ ಹೀಗೆ ಮರೆತು ತುದಿಯಿಂದ ಬಿದ್ದ ದುರಂತಗಳು ಬೇರೆ ಬೇರೆ ದೇಶಗಳಲ್ಲಿ ಆಗಿವೆ. ಅದಕ್ಕೆಂದೇ ಒಳ್ಳೆಯ ಜಿಮ್‌ಗಳಲ್ಲಿ ಗೋಡೆಯ ಬುಡಕ್ಕೆ ಅಡ್ಡವಾಗಿ ಒಂದು ತ್ರಿಕೋನದ ಬಟ್ಟೆ ಕಟ್ಟಿರುತ್ತಾರೆ. ಕೊಕ್ಕೆಯನ್ನು ಅದರಿಂದ ಬಿಚ್ಚಿ ತನ್ನ ಹಾರ್ನೆಸ್‌ಗೆ ಹಾಕಿಕೊಂಡ ಮೇಲೆಯೇ ದಾರಿ ತೆರೆಯುತ್ತದೆ. ಆ ಬಟ್ಟೆ ಇಲ್ಲದಲ್ಲಿ ಮಗಳನ್ನು ಒಬ್ಬಳೇ ಆಟೊ ಬಿಲೇ ಬಳಿ ಬಿಡಬೇಡಿ.

ಇನ್ನೊಂದು ಮಾತು. ಒಂದೆರಡು ವರ್ಷಗಳಲ್ಲಿ ಅವಳು ಚೆನ್ನಾಗಿ ಏರತೊಡಗಿದರೆ ಯಾರಾದರೂ ಬೆರಳಿನ ಬಲಕ್ಕಾಗಿ ಹಲಗೆಯಲ್ಲಿ ಜೋತುಬೀಳುವ ಕಠಿಣ ಅಭ್ಯಾಸ ಹೇಳಿಕೊಡಲು ಬರಬಹುದು. ಮೂಳೆ ಬೆಳೆಯುವ ವಯಸ್ಸಿನಲ್ಲಿ ಬೆರಳಿನ ಬೆಳವಣಿಗೆಯ ಭಾಗ ಇನ್ನೂ ಮೃದು. ಅಲ್ಲಿ ಬಿರುಕು ಬಿಟ್ಟು ಬೆರಳು ಸೊಟ್ಟಗಾದ ಮಕ್ಕಳಿದ್ದಾರೆ. ಬೇಡವೆಂದು ಖಡಾಖಂಡಿತವಾಗಿ ಹೇಳಿ. ಆ ವಯಸ್ಸಿನಲ್ಲಿ ಬೇಕಾದದ್ದು ಬಗೆಬಗೆಯ ರೂಟ್‌ಗಳು ಮತ್ತು ವಾರಕ್ಕೆ ಸಾಕಷ್ಟು ಬಿಡುವು. ನೀವೂ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಹೋಗಬೇಡಿ. ಸ್ನಾಯು ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ, ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು. ಪೆಟ್ಟಾಗುವುದು ಈ ಅಂತರದಲ್ಲೇ.

ಕೊನೆಗೆ ರಾಮನಗರ. ಗೋಡೆ ಮೊದಲಿನಿಂದಲೂ ಬಂಡೆಯ ತಯಾರಿಗೆ ಹುಟ್ಟಿದ್ದು. 1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಡಾನ್ ರಾಬಿನ್ಸನ್ ಎಂಬವರು ಒಂದು ಓಣಿಯ ಗೋಡೆಗೆ ಕಲ್ಲಿನ ತುಂಡುಗಳನ್ನು ಕೂರಿಸಿದಾಗ ಉದ್ದೇಶವಿದ್ದದ್ದೂ ಅದೇ. ಆದರೆ ಬಂಡೆಯಲ್ಲಿ ಬಣ್ಣದ ಗುರುತಿಲ್ಲ, ಮ್ಯಾಟ್ ಇಲ್ಲ, ಹಗ್ಗ ಕಟ್ಟುವ ಆಧಾರ ಗಟ್ಟಿಯಿದೆಯೇ ಎಂದು ನೋಡಬೇಕಾದವರು ನೀವೇ. ರಾಮನಗರದ ಗ್ರಾನೈಟ್‌ನಲ್ಲಿ ಕೈಗೆ ಸಿಗುವುದು ಕಡಿಮೆ, ಕಾಲಿನ ಘರ್ಷಣೆಯ ಮೇಲೆ ನಂಬಿಕೆ ಇಟ್ಟು ನಡೆಯಬೇಕಾದ ಇಳಿಜಾರುಗಳು ಹೆಚ್ಚು. ಒಳಾಂಗಣದಲ್ಲಿ ಕಾಲಿನ ಮೇಲೆ ನಿಂತು, ಎರಡೂ ಕೈಯನ್ನು ಒಂದು ಕ್ಷಣ ಗೋಡೆಯಿಂದ ತೆಗೆದು ಚಪ್ಪಾಳೆ ತಟ್ಟಬಲ್ಲಿರಾದರೆ ನೀವು ಹೊರಡಬಹುದು. ಮೂರು ನಾಲ್ಕು ತಿಂಗಳು ಸಾಕು. ತರಬೇತಿ ಪಡೆದ ಮಾರ್ಗದರ್ಶಕರ ಜೊತೆಗೇ ಹೋಗಿ. ಗೋಡೆಯ ಬಳಿ ಪರಿಚಯವಾದ ಯಾರದೋ ಹಗ್ಗ ನಂಬಿಕೊಂಡು ಬೇಡ. ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಅಲ್ಲಿ ಅರಣ್ಯ ಇಲಾಖೆಯ ನಿರ್ಬಂಧಗಳಿವೆ, ಮೊದಲೇ ವಿಚಾರಿಸಿ. ಜೇನುಗೂಡು ಇರುವ ಬಂಡೆಯ ಹತ್ತಿರ ಸುಳಿಯಬೇಡಿ. ಡಿಸೆಂಬರ್, ಜನವರಿಯಲ್ಲಿ ಬೆಳಕು ಹರಿಯುವಾಗಲೇ ಬಂಡೆಯ ಬುಡ ಸೇರಿಕೊಳ್ಳಿ. ಹತ್ತು ಗಂಟೆ ದಾಟಿದರೆ ಕಲ್ಲು ಕಾದು, ಬೆರಳು ಬೆವರಿ, ಶೂನ ರಬ್ಬರ್ ಹಿಡಿತ ಬಿಡುತ್ತದೆ.